ಒಂದು ಹಂದಿ, ಐವತ್ತು ಎಲೆ: ಕೊಡಗಿನ ಫಾರ್ಮಿನಲ್ಲಿ ಚಳಿಗಾಲದ ಎರಡು ದಿನದ ಊಟ

ಹಂದಿಯನ್ನು ಮೂತಿಯಿಂದ ಬಾಲದವರೆಗೆ ಊರವರೆಲ್ಲ ಕೂಡಿ ಉಣ್ಣಬೇಕೆಂದರೆ ಮೊದಲು ತೀರ್ಮಾನವಾಗಬೇಕಾದ್ದು ಮಸಾಲೆಯಲ್ಲ, ಸರದಿ. ಯಾವುದು ಬೇಗ ಕೆಡುತ್ತದೋ ಅದು ಮೊದಲು ಎಲೆಗೆ ಬರಬೇಕು. ನೆತ್ತರು, ಲಿವರ್, ಬೋಟಿ ಅದೇ ದಿನ. ತಲೆ ಮತ್ತು ಪಕ್ಕೆಲುಬು ಅದೇ ರಾತ್ರಿ. ಹೆಗಲು, ಹೊಟ್ಟೆ ಪದರದ ಪಂದಿ ಕರಿ (ಕೊಡಗಿನ ಹಂದಿಮಾಂಸದ ಸಾರು) ಮರುದಿನ. ತೊಡೆ ಮತ್ತು ನೆಣ ಆಮೇಲಿನ ದಿನಗಳಿಗೆ. ಎಲ್ಲವನ್ನೂ ಒಂದೇ ಮಧ್ಯಾಹ್ನಕ್ಕೆ ಬೇಯಿಸಲು ಹೊರಟರೆ ಆಗುವುದೇನೆಂದರೆ, ಆಗತಾನೆ ಕಡಿದ ಮಾಂಸ ಸೆಟೆದು ರಬ್ಬರಿನಂತಾಗುತ್ತದೆ, ಬೋಟಿ ತೊಳೆಯಲು ಪುರುಸೊತ್ತು ಸಿಗದೆ ಹೊಂಡ ಸೇರುತ್ತದೆ, ನೆತ್ತರು ಮೋರಿಗೆ ಹೋಗುತ್ತದೆ.

ಕೊಡಗಿನಲ್ಲಿ ಇದಕ್ಕೆ ಒಳ್ಳೆಯ ಕಾಲ ಡಿಸೆಂಬರ್ ನಡುವಿನಿಂದ ಜನವರಿ ಕೊನೆ. ಮಳೆ ನಿಂತಿರುತ್ತದೆ, ನೊಣ ಕಡಿಮೆ, ಗದ್ದೆ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ. ಕಾಫಿ ಹಣ್ಣು ಕೊಯ್ಯುವ ಕಾಲವಾದ್ದರಿಂದ ಆಳು ಸಿಗುವುದು ಕಷ್ಟ, ಹಾಗಾಗಿ ಭಾನುವಾರ ಸೇರಿದಂತೆ ಎರಡು ದಿನ ನೋಡಿಕೊಳ್ಳಿ. ಒಂದು ಎಚ್ಚರ: ನಮ್ಮ ಚಳಿಯನ್ನು ನಂಬಿ ಮಾಂಸ ನೇತುಹಾಕಬೇಡಿ. ಸ್ಪೇನಿನ ಹಳ್ಳಿಗಳಲ್ಲಿ ಚಳಿಗಾಲದಲ್ಲಿ ಹಂದಿ ಕಡಿದು ರಾತ್ರಿಯಿಡೀ ಹೊರಗೆ ತೂಗುಬಿಡುತ್ತಾರೆ. ಅಲ್ಲಿ ನೀರು ಹೆಪ್ಪುಗಟ್ಟುವ ಚಳಿ. ಇಲ್ಲಿ ಬೆಳಗಿನ ಜಾವ 12–14 ಡಿಗ್ರಿ ಇದ್ದರೂ ಮಧ್ಯಾಹ್ನಕ್ಕೆ 25 ದಾಟುತ್ತದೆ. ಮಾಂಸಕ್ಕೆ ಬೇಕಾದ್ದು 4 ಡಿಗ್ರಿ. ಚಳಿಗಾಲದಿಂದ ನಮಗೆ ಸಿಗುವ ಲಾಭ ಬೆಳಗಿನ ನಾಲ್ಕೈದು ತಾಸು ಮಾತ್ರ, ಉಳಿದದ್ದಕ್ಕೆ ಐಸೇ ಗತಿ.

ಯಾವ ಹಂದಿ

ಯಾರ್ಕ್‌ಶೈರ್, ಲ್ಯಾಂಡ್ರೇಸ್, ಡ್ಯುರಾಕ್ ಮಿಶ್ರತಳಿಯ, ಆರರಿಂದ ಎಂಟು ತಿಂಗಳ, ಸುಮಾರು 90 ಕಿಲೋ ತೂಗುವ ಹಂದಿ ಸಾಕು. ಬೀಜ ತೆಗೆಸಿದ ಗಂಡು ಅಥವಾ ಇನ್ನೂ ಮರಿ ಹಾಕದ, ಬೆದೆಯಲ್ಲಿಲ್ಲದ ಹೆಣ್ಣು. ಬೀಜದ ಗಂಡನ್ನು ಕಡಿದರೆ ನೆಣ ಬಿಸಿಯಾಗುತ್ತಿದ್ದಂತೆ ಮೂತ್ರದ ವಾಸನೆ ಏಳುತ್ತದೆ. ಎಷ್ಟು ಕಾಚಂಪುಳಿ (ಕೊಡಗಿನ ಕಪ್ಪು, ಗಟ್ಟಿ ಹುಳಿರಸ) ಸುರಿದರೂ ಅದು ಮುಚ್ಚುವುದಿಲ್ಲ. ಕಾಡುಹಂದಿ ಬೇಟೆ ಕಾನೂನುಬಾಹಿರ, ಆ ಮಾತೇ ಬೇಡ.

90 ಕಿಲೋ ಹಂದಿಯಲ್ಲಿ ತಲೆ, ಚರ್ಮ, ಕಾಲು ಸೇರಿ ಸುಮಾರು 65 ಕಿಲೋ ಸಿಗುತ್ತದೆ. ಐವತ್ತು ಜನಕ್ಕೆ ಅದನ್ನು ಹೀಗೆ ಒಡೆಯಬಹುದು: ತಲೆ 5.5 ಕಿಲೋ, ನಾಲ್ಕು ಕಾಲು 2 ಕಿಲೋ, ಒಳನೆಣ 1.5 ಕಿಲೋ, ಪಕ್ಕೆಲುಬು ಮತ್ತು ಬೆನ್ನೆಲುಬು 9 ಕಿಲೋ, ಪಂದಿ ಕರಿಗೆ 20 ಕಿಲೋ, ಹೊಗೆಗೆ ಕಟ್ಟಲು 5 ಕಿಲೋ, ಗುಡ್ಡೆ ಹಾಕಿ ಹಂಚಲು 20 ಕಿಲೋ. ಉಳಿದದ್ದು ಕಡಿಯುವಾಗ ಸೋರಿ, ಚೂರಾಗಿ ಹೋಗುವ ಬಾಬ್ತು. ನೆತ್ತರು ಮತ್ತು ಒಳಗಿನವು ಈ ಲೆಕ್ಕದ ಹೊರಗೆ.

ಹಿಂದಿನ ದಿನ

ಪಶುವೈದ್ಯರನ್ನು ಮೊದಲೇ ಮಾತಾಡಿಸಿ. ಜೀವಂತ ಹಂದಿಯನ್ನು ಅವರು ನೋಡಬೇಕು, ಹೊಟ್ಟೆ ಬಿಚ್ಚಿದ ಮೇಲೆ ಮತ್ತೊಮ್ಮೆ ನೋಡಬೇಕು. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಪಟ್ಟಣ ವ್ಯಾಪ್ತಿಯಲ್ಲಿ ಪರವಾನಗಿ ಇರುವ ಕಡೆ ಬಿಟ್ಟು ಬೇರೆಲ್ಲೂ ಕಡಿಯುವಂತಿಲ್ಲ. ಗಬ್ಬದ ಪ್ರಾಣಿ, ಮೂರು ತಿಂಗಳೊಳಗಿನ ಮರಿ ಇರುವ ತಾಯಿ ಎಲ್ಲಿಯೂ ಕೂಡದು. ಹಳ್ಳಿಯ ಫಾರ್ಮಾದರೆ ಪಂಚಾಯತಿಯಲ್ಲಿ ಮೊದಲೇ ವಿಚಾರಿಸಿ. ಅನುಮತಿ ಇಲ್ಲವೆಂದರೆ ಪರವಾನಗಿ ಇರುವ ಕಡೆ ಕಡಿಸಿ, ನೆತ್ತರು, ಬೋಟಿ, ತಲೆ ಸಮೇತ ಐಸಿನಲ್ಲಿ ತನ್ನಿ. ಒಳಗಿನವನ್ನು ಕೇಳದಿದ್ದರೆ ಅಲ್ಲಿಯವರು ಬಿಸಾಡಿಬಿಡುತ್ತಾರೆ.

ಹಂದಿಯನ್ನು ಹಿಂದಿನ ಸಂಜೆಯೇ ಬೇರೆ ಕೋಣೆಗೆ ಸಾಗಿಸಿ. ಕಡಿಯುವುದಕ್ಕೆ 12 ಗಂಟೆ ಮುಂಚೆ ಮೇವು ನಿಲ್ಲಿಸಿ, ನೀರು ಮಾತ್ರ ಕೊನೆವರೆಗೂ ಇರಲಿ. ಹೊಟ್ಟೆ ತುಂಬಿದ್ದರೆ ಕರುಳು ಹರಿದು ಮಾಂಸವೆಲ್ಲ ಹೊಲಸಾಗುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಹತ್ತು ಜನ ಸೇರಿ ಅಟ್ಟಾಡಿಸಿ ಹಿಡಿಯುವುದು ದೊಡ್ಡ ತಪ್ಪು. ಓಡಿ ಹೆದರಿದ ಹಂದಿಯ ಮಾಂಸ ಬಿಳಚಿಕೊಂಡು ನೀರು ಬಿಡುತ್ತದೆ. ಪಂದಿ ಕರಿ ಗಟ್ಟಿಯಾಗದೆ ತೆಳ್ಳಗೇ ಉಳಿಯಲು ಎಷ್ಟೋ ಸಲ ಇದೇ ಕಾರಣ, ಬೈಗುಳ ಮಾತ್ರ ಅಡುಗೆಯವರಿಗೆ.

ಐಸು 50 ಕಿಲೋ ತರಿಸಿಡಿ. ಎರಡು ಜೊತೆ ಚಾಕು ಬೇಕು: ಒಂದು ಮಾಂಸಕ್ಕೆ, ಇನ್ನೊಂದು ಬೋಟಿಗೆ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು. ಪಾತ್ರೆ ಸ್ಟೀಲಿನದ್ದಾಗಲಿ, ತಾಮ್ರ ಹಿತ್ತಾಳೆಯದ್ದಾದರೆ ಕಲಾಯಿ ಹೊಸದಾಗಿರಲಿ. ಕಾಚಂಪುಳಿಯ ಹುಳಿ ಬರಿಯ ತಾಮ್ರವನ್ನು ತಿನ್ನುತ್ತದೆ.

ಫಾರ್ಮಿನಲ್ಲಿ ಬೇರೆ ಹಂದಿಗಳಿವೆ ಎನ್ನುವುದನ್ನು ಬಂದವರು ಮರೆಯುತ್ತಾರೆ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ದೇಶಕ್ಕೆ ಕಾಲಿಟ್ಟಿತು. ಮನುಷ್ಯರಿಗೆ ಅದು ತಗಲುವುದಿಲ್ಲ, ಹಟ್ಟಿಗೆ ಬಂದರೆ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಮಾಂಸದಲ್ಲಿ, ನೆತ್ತರಿನಲ್ಲಿ, ಚಪ್ಪಲಿಗೆ ಮೆತ್ತಿದ ಸಗಣಿಯಲ್ಲಿ ಅದರ ವೈರಸ್ ಬದುಕಿರುತ್ತದೆ. ಆದ್ದರಿಂದ ಹೊರಗಿನಿಂದ ಯಾರೂ ಹಂದಿ ಮಾಂಸ, ಸಾಸೇಜ್ ತರಕೂಡದು. ಗೇಟಿನಲ್ಲೇ ಕ್ರಿಮಿನಾಶಕದ ನೀರಿನ ತಟ್ಟೆ ಇಡಿ. ಚಪ್ಪಲಿಯ ಮಣ್ಣನ್ನು ಮೊದಲು ಉಜ್ಜಿ ತೆಗೆಯಬೇಕು, ಮಣ್ಣಿನ ಮೇಲೆ ಕ್ರಿಮಿನಾಶಕ ಕೆಲಸ ಮಾಡದು. ಊಟದ ಜಾಗ ಹಟ್ಟಿಯಿಂದ ದೂರವಿರಲಿ, ಮಕ್ಕಳನ್ನು ಮರಿ ತೋರಿಸಲು ಒಳಗೆ ಬಿಡಬೇಡಿ.

ಬೆಳಗಿನ ಜಾವ

ಐದು ಗಂಟೆಗೆ ಶುರುವಾದರೆ ಬಿಸಿಲೇರುವ ಮೊದಲು ಮಾಂಸ ಐಸಿಗೆ ಸೇರುತ್ತದೆ. ಕಡಿಯುವ ಕೆಲಸ ಪಳಗಿದವರದ್ದೇ. ಮೊದಲು ಪ್ರಜ್ಞೆ ತಪ್ಪಿಸಬೇಕು. ವಿದ್ಯುತ್ ಇಕ್ಕಳವಾದರೆ ತಲೆಯ ಎರಡೂ ಬದಿಗೆ ಕನಿಷ್ಠ 1.3 ಆಂಪಿಯರ್, ಮೂರು ಸೆಕೆಂಡು. ನಂತರ 15 ಸೆಕೆಂಡಿನೊಳಗೆ ನೆತ್ತರು ಬಿಡಬೇಕು, ತಡವಾದರೆ ಎಚ್ಚರವಾಗುತ್ತದೆ. ಬೇರೆ ಹಂದಿಗಳ ಕಣ್ಣಿಗೆ ಇದು ಬೀಳಬಾರದು.

ಶುದ್ಧವಾಗಿ ಹಿಡಿದರೆ ಎರಡೂವರೆಯಿಂದ ಮೂರು ಲೀಟರ್ ನೆತ್ತರು ಸಿಗುತ್ತದೆ. ಅದನ್ನು ಏನು ಮಾಡುತ್ತೀರಿ ಎಂದು ಆಗಲೇ ಗೊತ್ತಿರಬೇಕು. ಪಲ್ಯಕ್ಕಾದರೆ ಅಗಲ ತಟ್ಟೆಗೆ ಲೀಟರಿಗೆ 10 ಗ್ರಾಂ ಉಪ್ಪು ಹಾಕಿ ಸುಮ್ಮನೆ ಬಿಡಿ, ಹತ್ತು ನಿಮಿಷದಲ್ಲಿ ಗಡ್ಡೆ ಕಟ್ಟುತ್ತದೆ. ಸಾರು ಗಟ್ಟಿ ಮಾಡಲಿಕ್ಕಾದರೆ ಪಾತ್ರೆಯಲ್ಲಿ ಮೊದಲೇ ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್ ಇರಲಿ. ನೆತ್ತರು ಬೀಳುತ್ತಿರುವಾಗಿನಿಂದ ಐದಾರು ನಿಮಿಷ ಕೈ ಬಿಡದೆ ತಿರುವಿ. ಕೋಲಿಗೆ ನಾರು ನಾರಾಗಿ ಸುತ್ತಿಕೊಳ್ಳುವುದನ್ನು ತೆಗೆದು, ಸೋಸಿ, ಐಸಿನ ಮೇಲಿಡಿ.

ಕೂದಲು ತೆಗೆಯಲು ಹಂದಿಯ ಮೇಲೆ ಗೋಣಿಚೀಲ ಹೊದಿಸಿ, ಅದರ ಮೇಲೆ 65–68 ಡಿಗ್ರಿ ನೀರು ಹೊಯ್ಯಿರಿ. ಚರ್ಮ ತಲುಪುವಷ್ಟರಲ್ಲಿ ಅದು 60–63ಕ್ಕೆ ಇಳಿದಿರುತ್ತದೆ, ಬೇಕಾದ್ದೂ ಅಷ್ಟೇ. ನಾಲ್ಕು ನಿಮಿಷದ ನಂತರ ಹಿಂಗಾಲಿನ ಕೂದಲು ಹಿಡಿದೆಳೆದರೆ ಕೈಗೆ ಬರಬೇಕು. ಬಾರದೇ ಇದ್ದಾಗ ಕುದಿಯುವ ನೀರು ಸುರಿಯುವುದುಂಟು, ಅಲ್ಲಿಗೆ ಚರ್ಮ ಬೆಂದು ಕೂದಲು ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ಬೋಳಿಸುವುದೊಂದೇ ದಾರಿ. ಕೆರೆದಾದ ಮೇಲೆ ಒಣಹುಲ್ಲಿನ ಉರಿಯಲ್ಲಿ ಚರ್ಮವನ್ನು ಸುಡಿ. ಗ್ಯಾಸ್ ಟಾರ್ಚ್ ಆದರೂ ಸರಿ, ಹುಲ್ಲಿನ ಹೊಗೆ ಕೊಡುವ ಪರಿಮಳ ಅದರಲ್ಲಿಲ್ಲ. ಟೈರು, ಪ್ಲಾಸ್ಟಿಕ್ ಉರಿಗೆ ಹಾಕಲೇಬಾರದು. ಕರಿಯಾದ ಪದರವನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದರೆ ಚರ್ಮ ಹೊಂಬಣ್ಣಕ್ಕೆ ಬರುತ್ತದೆ.

ಹೊಟ್ಟೆ ಬಿಚ್ಚುವ ಮೊದಲು ಗುದದ ಸುತ್ತ ಕತ್ತರಿಸಿ, ಕರುಳಿನ ತುದಿಯನ್ನು ದಾರದಿಂದ ಬಿಗಿಯಾಗಿ ಕಟ್ಟಿ. ಚಾಕುವಿನ ಅಲಗು ಹೊರಮುಖವಾಗಿರಲಿ, ಎರಡು ಬೆರಳು ಒಳಗಿಟ್ಟು ಕರುಳನ್ನು ತಡೆದುಕೊಂಡು ಮೇಲಿಂದ ಕೆಳಗೆ ಸೀಳಿ. ಲಿವರ್ ಹೊರಬಂದ ಕೂಡಲೇ ಪಿತ್ತದ ಚೀಲವನ್ನು ಸುತ್ತಲಿನ ಒಂದು ಸೆಂಟಿಮೀಟರ್ ಲಿವರ್ ಸಮೇತ ಕತ್ತರಿಸಿ ತೆಗೆಯಿರಿ. ಅದು ಒಡೆದು ಹಸಿರು ಸೋಕಿದ ಜಾಗವನ್ನು ತೊಳೆದರೆ ಸಾಲದು, ಕೆತ್ತಿ ಬಿಸಾಡಬೇಕು.

ಈಗ ನೋಡುವ ಕೆಲಸ. ಲಿವರಿನ ಮೇಲೆ ಹಾಲಿನ ಹನಿಯಂಥ ಬಿಳಿ ಮಚ್ಚೆಗಳಿದ್ದರೆ ಅದು ಜಂತುಹುಳುವಿನ ಮರಿ ಓಡಾಡಿದ ಗುರುತು. ಒಂದೆರಡಾದರೆ ಕೆತ್ತಿ ತೆಗೆಯಿರಿ, ತುಂಬ ಇದ್ದರೆ ಲಿವರ್ ಬಿಟ್ಟುಬಿಡಿ, ಫಾರ್ಮಿನವರು ಜಂತುಮದ್ದು ತಪ್ಪಿಸಿದ್ದಾರೆಂದು ಅರ್ಥ. ನಾಲಗೆ ಮತ್ತು ಗುಂಡಿಗೆಯನ್ನು ಸೀಳಿದಾಗ ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಕಂಡರೆ ಅದು ಲಾಡಿಹುಳುವಿನದ್ದು. ಗುಳ್ಳೆ ಮಾತ್ರ ತೆಗೆದು ಬೇಯಿಸುವ ಚೌಕಾಸಿ ಬೇಡ, ಹಂದಿಯನ್ನೇ ಹೂಳಿ. ಗುಲ್ಮ (ಸ್ಪ್ಲೀನ್) ಎರಡು ಮೂರು ಪಟ್ಟು ಊದಿ ಕಪ್ಪಗಿದ್ದು, ಒಳಗಿನ ಹಾಲ್ರಸ (ಲಿಂಫ್) ಗ್ರಂಥಿಗಳು ನೆತ್ತರಿನ ಗಡ್ಡೆಯಂತಿದ್ದರೆ ಆಫ್ರಿಕನ್ ಹಂದಿ ಜ್ವರದ ಅನುಮಾನ. ಕೈ ಅಲ್ಲೇ ನಿಲ್ಲಬೇಕು. ಒಂದು ತುಂಡೂ ಗೇಟು ದಾಟಬಾರದು, ತೀರ್ಮಾನ ವೈದ್ಯರದ್ದು. ಇಂಥ ದಿನಕ್ಕೆಂದೇ ಐದು ಕಿಲೋ ಬೇಳೆ, ಒಂದಿಷ್ಟು ಕೋಳಿಯ ಏರ್ಪಾಡು ಮನಸ್ಸಿನಲ್ಲಿರಲಿ.

ಇಬ್ಭಾಗ ಮಾಡಿದ ಹಂದಿಯನ್ನು ಇಡಿಯಾಗಿ ಫ್ರಿಜ್ಜಿಗೆ ತುರುಕಬೇಡಿ. ಹೊರಗೆ ತಣ್ಣಗಾಗಿ ಮೂಳೆಯ ಹತ್ತಿರ ಬೆಚ್ಚಗೇ ಉಳಿದು, ಮರುದಿನ ತೊಡೆಯ ಮೂಳೆ ಬಿಡಿಸುವಾಗ ಹುಳಿ ನಾತ ಬರುತ್ತದೆ. ಎರಡು ಮೂರು ಕಿಲೋ ತುಂಡುಗಳಾಗಿ ಮಾಡಿ, ಚೀಲದಲ್ಲಿ ಕಟ್ಟಿ, ಒಂದು ಪದರ ಐಸು ಒಂದು ಪದರ ಮಾಂಸ ಇಟ್ಟರೆ ಸಂಜೆಯೊಳಗೆ ತಣ್ಣಗಾಗುತ್ತದೆ. ಕರಗಿದ ನೀರು ಹರಿದುಹೋಗುವಂತಿರಲಿ.

ಮೊದಲ ದಿನದ ಎಲೆ

ಹತ್ತು ಗಂಟೆಗೆ ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ), ಲಿವರ್ ಹುರುಕಲು. ಲಿವರ್ ಒಂದೂವರೆ ಕಿಲೋ, ಗುಂಡಿಗೆ ಕಿಡ್ನಿ ಸೇರಿ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಐವತ್ತು ಜನಕ್ಕೆ ತಲಾ ಎರಡು ಮೂರು ತುಂಡು ಬಿದ್ದರೆ ಹೆಚ್ಚು, ಇದು ನಂಜಿಕೊಳ್ಳುವ ಬಾಬ್ತೇ. ಕಿಡ್ನಿಯನ್ನು ಉದ್ದಕ್ಕೆ ಸೀಳಿ ನಡುವಿನ ಬಿಳಿ ಭಾಗ ತೆಗೆಯದಿದ್ದರೆ ಮೂತ್ರದ ವಾಸನೆ ಹೋಗದು. ಗುಂಡಿಗೆ ಗಟ್ಟಿ, ಅದನ್ನು ತೆಳ್ಳಗೆ ಹೆಚ್ಚಿ ಇಪ್ಪತ್ತು ನಿಮಿಷ ಮೊದಲೇ ಬೇಯಲು ಹಾಕಿ. ಲಿವರ್ ಎರಡು ಸೆಂಟಿಮೀಟರಿನ ತುಂಡು, ಕಾದ ಬಾಣಲೆಗೆ ಅರ್ಧರ್ಧ ಕಿಲೋ ಮಾತ್ರ. ಎಲ್ಲ ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಆರೇಳು ನಿಮಿಷ ಸಾಕು, ಆದರೆ ಒಳಗೆ ಕೆಂಪು ಉಳಿಯಬಾರದು, 71 ಡಿಗ್ರಿ ಮುಟ್ಟಿರಬೇಕು. ಕುಟ್ಟಿದ ಕರಿಮೆಣಸು ಧಾರಾಳವಾಗಿ, ಉಪ್ಪು ಕೊನೆಗೆ.

ಬೋಟಿಗೆ ಮೂವರನ್ನು ಬೇರೆಯೇ ಇಡಿ, ಅವರು ಅಂದು ಮಾಂಸ ಮುಟ್ಟುವ ಹಾಗಿಲ್ಲ. ಸಣ್ಣ ಕರುಳನ್ನು ಬೆರಳ ನಡುವೆ ಹಿಂಡಿ ಖಾಲಿ ಮಾಡಿ, ಒಂದೊಂದು ಮೀಟರಿಗೆ ಕತ್ತರಿಸಿ, ಕಡ್ಡಿಯಿಂದ ಒಳಮೈ ಹೊರಗೆ ತಿರುಗಿಸಿ. ಕಲ್ಲುಪ್ಪು, ಅರಿಶಿನ, ಹುಣಸೆ ಹಾಕಿ ಉಜ್ಜಿ ತೊಳೆಯಿರಿ, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ. ಲೋಳೆ ಜಾರುವುದು ನಿಂತು ಬೆರಳಿಗೆ ಬಟ್ಟೆ ಉಜ್ಜಿದಂತೆ ತಗಲಿದರೆ ಸಾಕು ಎಂದು ಲೆಕ್ಕ. ಹತ್ತು ನಿಮಿಷ ಕುದಿಸಿ ಆ ನೀರು ಚೆಲ್ಲಿ. ಹೊಟ್ಟೆಚೀಲಕ್ಕೂ ಇದೇ ಕ್ರಮ. ದೊಡ್ಡ ಕರುಳು ಪಳಗಿದ ಕೈಗೆ ಮಾತ್ರ, ಇಲ್ಲವಾದರೆ ಬಿಟ್ಟುಬಿಡುವುದು ಜಾಣತನ. ಮೂತಿಯಿಂದ ಬಾಲದವರೆಗೆ ಅನ್ನುವ ಹಟಕ್ಕೆ ಐವತ್ತು ಜನರ ಹೊಟ್ಟೆ ಕೆಡಿಸಬಾರದು.

ಈ ಬೋಟಿಗೆ ಮಂಗಳೂರು ಕ್ರೈಸ್ತರು ಹಂದಿಯ ಒಳಗಿನವುಗಳಿಂದ ಮಾಡುವ ಸಾರಾದ ಕಾಳಿಜ್ ಆಂಕಿಟಿಯ ದಾರಿ ಚೆನ್ನಾಗಿ ಒಗ್ಗುತ್ತದೆ. ಬೋಟಿ, ಹೊಟ್ಟೆ, ಶ್ವಾಸಕೋಶವನ್ನು ಮೆತ್ತಗೆ ಬೇಯಿಸಿ ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ, ವಿನೆಗರ್ ಸೇರಿಸಿ ಅರೆದ ಮಸಾಲೆಯಲ್ಲಿ ಅರ್ಧ ಗಂಟೆ ಕುದಿಸಿ, ತಿರುವಿಟ್ಟ ನೆತ್ತರಿನಿಂದ ಒಂದು ಲೋಟವನ್ನು ಉರಿ ಸಣ್ಣಗಿಟ್ಟು ನಿಧಾನಕ್ಕೆ ಹೊಯ್ಯಿರಿ. ಹೊಯ್ದ ಮೇಲೆ ಹತ್ತು ನಿಮಿಷ ಮಂದ ಉರಿಯಲ್ಲಿ ಬೇಯಲೇಬೇಕು. ಉರಿ ಜೋರಿದ್ದರೆ ಸಾರು ಒಡೆದು ಮರಳು ಮರಳಾಗುತ್ತದೆ.

ಗಡ್ಡೆ ಕಟ್ಟಿದ ನೆತ್ತರನ್ನು ಅಂಗೈಯಷ್ಟು ತುಂಡು ಮಾಡಿ, ಉಪ್ಪುನೀರಿಗೆ ಜಾರಿಸಿ, ನೀರು ನಡುಗುವಷ್ಟೇ ಬಿಸಿಯಲ್ಲಿ, ಅಂದರೆ 80–85 ಡಿಗ್ರಿಯಲ್ಲಿ, 25 ನಿಮಿಷ ಇಡಿ. ಕುದಿಬಂದರೆ ತೂತು ತೂತಾಗಿ ಸ್ಪಂಜಿನಂತಾಗುತ್ತದೆ. ಆರಿದ ಮೇಲೆ ಪುಡಿಮಾಡಿ ಈರುಳ್ಳಿ, ಜೀರಿಗೆ ಮೆಣಸು (ಪುಟ್ಟ, ಬಲು ಖಾರದ ಮೆಣಸು), ಕರಿಬೇವು, ತೆಂಗಿನತುರಿಯ ಜೊತೆ ಒಗ್ಗರಣೆ ಕೊಟ್ಟರೆ ನೆತ್ತರು ಪಲ್ಯ. ಅನ್ನದ ಜೊತೆ ಮಧ್ಯಾಹ್ನಕ್ಕೆ ಇವೆರಡೂ.

ರಾತ್ರಿಗೆ ಮೂಳೆಯ ಸಾರು ಮತ್ತು ತಲೆ. ಮೂಳೆ ಸಾರಿನ ಬಗ್ಗೆ ಹೇಳುವುದೇನೂ ಇಲ್ಲ, ಎರಡು ಗಂಟೆ ಬೆಂದರೆ ತಾನೇ ದಾರಿಗೆ ಬರುತ್ತದೆ. ತಲೆಯನ್ನು ಮಾತ್ರ ಮಧ್ಯಾಹ್ನವೇ ಶುರು ಮಾಡಿ. ಕಿವಿಯ ಒಳಗನ್ನು ಮತ್ತೊಮ್ಮೆ ಸುಟ್ಟು ಕೆರೆದು, ಕಣ್ಣು ತೆಗೆದು, ಸೀಳಿ ಮಿದುಳನ್ನು ಬೇರೆ ಮಾಡಿ. ಮಿದುಳು ಬಹಳ ಬೇಗ ಕೆಡುವುದರಿಂದ ಸೀಳುವ ಈ ಕೆಲಸ ಮಾತ್ರ ಬೆಳಿಗ್ಗೆಯೇ ಮುಗಿದು, ಅದು ಲಿವರಿನ ಜೊತೆಗೇ ಹೋಗಲಿ. ನಾಲಗೆಯನ್ನು ಹತ್ತು ನಿಮಿಷ ಕುದಿಸಿ ಬಿಸಿಯಿರುವಾಗಲೇ ಸಿಪ್ಪೆ ಸುಲಿಯಿರಿ, ಆರಿದರೆ ಬಿಡುವುದಿಲ್ಲ. ತಲೆ ಮೂರು ಗಂಟೆ ಬೆಂದು ದವಡೆಯ ಮೂಳೆ ಕೈಯಲ್ಲಿ ಎಳೆದರೆ ಕಳಚುವಂತಾಗಬೇಕು. ಕಿವಿ, ಮೂತಿ, ಕೆನ್ನೆ, ಬಾಲವನ್ನು ಬೆಂಕಿಕಡ್ಡಿಯಂತೆ ಸೀಳಿ, ಸಣ್ಣ ಈರುಳ್ಳಿ, ಜೀರಿಗೆ ಮೆಣಸು, ಉಪ್ಪು, ಕೈಪುಳಿ (ಕಹಿ ಕಿತ್ತಳೆ) ರಸ ಹಾಕಿ ಕಲಸಿ. ಬಿಸಿಯಾಗೇ ಬಡಿಸಬೇಕು, ತಣ್ಣಗಾದರೆ ಅಂಟು ಕಟ್ಟುತ್ತದೆ.

ಮರುದಿನ: ಪಂದಿ ಕರಿ

ಬೆಳಿಗ್ಗೆ ಮಂಜಿನಲ್ಲಿ ಕಾಲು ಸೂಪು. ರಾತ್ರಿಯೇ ಆರು ಲೀಟರ್ ನೀರು, ಶುಂಠಿ, ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿಟ್ಟು, ಬೆಳಿಗ್ಗೆ ಕರಿಮೆಣಸು ಕುಟ್ಟಿ ಹಾಕುವುದಷ್ಟೇ.

ಪಂದಿ ಕರಿಯ 20 ಕಿಲೋವನ್ನು ಹೆಗಲು ಮತ್ತು ಹೊಟ್ಟೆ ಪದರದಿಂದ ತೆಗೆಯಿರಿ, ಚರ್ಮ, ನೆಣ, ಮಾಂಸ ಮೂರೂ ಒಂದೇ ತುಂಡಿನಲ್ಲಿರುವ ಹಾಗೆ ಮೂರು ನಾಲ್ಕು ಸೆಂಟಿಮೀಟರಿಗೆ ಕಡಿಯಿರಿ. ನೆಣ ಸುಮಾರು ಮೂರನೇ ಒಂದು ಪಾಲು ಇರಬೇಕು. ಬರೀ ಮಾಂಸ ಹಾಕಿದರೆ ಒಣಗಿ ನಾರಾಗುತ್ತದೆ. 20 ಕಿಲೋಗೆ ಸಾಮಾನು:

- ಹುರಿದು ಪುಡಿಮಾಡಲು: ಕೊತ್ತಂಬರಿ 200 ಗ್ರಾಂ, ಕರಿಮೆಣಸು 200 ಗ್ರಾಂ, ಜೀರಿಗೆ 120 ಗ್ರಾಂ, ಸಾಸಿವೆ 50 ಗ್ರಾಂ, ಮೆಂತ್ಯ 25 ಗ್ರಾಂ
- ತರಿತರಿಯಾಗಿ ಅರೆಯಲು: ಈರುಳ್ಳಿ 4 ಕಿಲೋ, ಬೆಳ್ಳುಳ್ಳಿ 1 ಕಿಲೋ, ಶುಂಠಿ ಅರ್ಧ ಕಿಲೋ, ಹಸಿಮೆಣಸು 300 ಗ್ರಾಂ
- ಅರಿಶಿನ 60 ಗ್ರಾಂ, ಮೆಣಸಿನಪುಡಿ 150 ಗ್ರಾಂ, ಉಪ್ಪು 250 ಗ್ರಾಂ
- ಕಾಚಂಪುಳಿ 200ರಿಂದ 300 ಮಿಲಿ

ಹುರಿಯುವುದರಲ್ಲೇ ಕರಿಯ ಬಣ್ಣ ನಿಂತಿದೆ. ಒಂದೊಂದನ್ನೂ ಬೇರೆ ಬೇರೆ, ಕಾಫಿ ಬೀಜದ ಬಣ್ಣ ಬರುವವರೆಗೆ. ಅಂಚಿನಲ್ಲಿ ಹೊಗೆ ಕಂಡ ಕ್ಷಣ ಇಳಿಸಿ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀದುಹೋಗುತ್ತದೆ. ಮೆಂತ್ಯ ಸೀದರೆ ಇಡೀ ಹಂಡೆ ಕಹಿ.

ಹತ್ತು ಹತ್ತು ಕಿಲೋದ ಎರಡು ಪಾತ್ರೆಯಲ್ಲಿ ಮಾಡಿ. ಒಂದೇ ದೊಡ್ಡದರಲ್ಲಿ ತಳ ಹಿಡಿಯುತ್ತಿರುವಾಗ ಮೇಲಿನ ಚರ್ಮ ಇನ್ನೂ ಬೆಂದಿರುವುದಿಲ್ಲ. ಉಪ್ಪು, ಅರಿಶಿನ, ಮೆಣಸಿನಪುಡಿ ಸವರಿ ಅರ್ಧ ಗಂಟೆ ಬಿಟ್ಟ ಮಾಂಸವನ್ನು ಎಣ್ಣೆಯಿಲ್ಲದೆ ಪಾತ್ರೆಗೆ ಹಾಕಿ ಮುಚ್ಚಿ. ಇಪ್ಪತ್ತು ನಿಮಿಷದಲ್ಲಿ ತನ್ನದೇ ನೀರು, ನೆಣ ಬಿಡುತ್ತದೆ. ಅರೆದದ್ದು ಸೇರಿಸಿ, ಪಾತ್ರೆಗೆ ಒಂದು ಲೀಟರಿನಷ್ಟು ಬಿಸಿನೀರು ಹಾಕಿ, ಒಂದು ಗಂಟೆ ಮೇಲೆ ಹತ್ತು ನಿಮಿಷ ಬೇಯಲಿ. ತಣ್ಣೀರು ಹಾಕಿದರೆ ಕುದಿ ಮುರಿದು ಹೊತ್ತು ಹಾಳು. ಚರ್ಮಕ್ಕೆ ಉಗುರು ಒತ್ತಿದರೆ ಇಳಿಯಬೇಕು, ಮಾಂಸ ಬೆಂದಿತೆಂದು ಇಳಿಸಬೇಡಿ, ಗಡುವು ಚರ್ಮದ್ದು. ಆಗ ಹುರಿದ ಪುಡಿ, ಕಾಲು ಗಂಟೆ. ಕೊನೆಗೆ ಕಾಚಂಪುಳಿ, ಹತ್ತು ನಿಮಿಷ. ಮನೆಯಿಂದ ಮನೆಗೆ ಕಾಚಂಪುಳಿಯ ಗಟ್ಟಿತನ ಬೇರೆ, ಆದ್ದರಿಂದ ಮೊದಲು ಎರಡೂ ಪಾತ್ರೆಗೆ ಸೇರಿ 200 ಮಿಲಿ ಹಾಕಿ ರುಚಿ ನೋಡಿ ಮುಂದುವರಿಯಿರಿ. ಮೊದಲೇ ಸುರಿದರೆ ನೀರಿಂಗಿದಂತೆ ಹುಳಿ ಏರುತ್ತಾ ಹೋಗಿ ಹಿಂದೆ ಬರಲು ದಾರಿಯಿರುವುದಿಲ್ಲ. ಪೇಟೆಯಲ್ಲಿ ಬಣ್ಣ ಬೆರೆಸಿದ ತೆಳು ವಿನೆಗರನ್ನೂ ಕಾಚಂಪುಳಿ ಎಂದು ಮಾರುತ್ತಾರೆ. ಅಸಲಿಯದು ಬಾಟಲಿಯ ಗೋಡೆಗೆ ಅಂಟಿಕೊಂಡು ನಿಧಾನಕ್ಕೆ ಇಳಿಯುತ್ತದೆ.

ಪಂದಿ ಕರಿಯ ಜೊತೆಗಿನ ಕಡಂಬುಟ್ಟಿಗೆ (ಅಕ್ಕಿ ತರಿಯ ಹಬೆ ಉಂಡೆಗೆ) ಅಕ್ಕಿ ತರಿ 5 ಕಿಲೋ. ತರಿಯನ್ನು ಜರಡಿ ಹಿಡಿದು ಹಿಟ್ಟು ತೆಗೆಯದಿದ್ದರೆ ಉಂಡೆ ಅಂಟಾಗುತ್ತದೆ. ಒಂದಕ್ಕೆ ಎರಡೂವರೆ ಅಳತೆ ನೀರು, ಉಪ್ಪು, ಚೂರು ತುಪ್ಪ. ಕೈ ತಡೆಯುವಷ್ಟು ಬಿಸಿಯಲ್ಲೇ ಉಂಡೆ ಕಟ್ಟಿ ಇಪ್ಪತ್ತು ನಿಮಿಷ ಹಬೆಯಲ್ಲಿಡಿ.

ನೆಣ, ಹೊಗೆ, ಗುಡ್ಡೆ

ಒಳನೆಣವನ್ನು ಒಂದು ಸೆಂಟಿಮೀಟರಿಗೆ ಹೆಚ್ಚಿ, ಕಿಲೋಗೆ 100 ಮಿಲಿ ನೀರು ಹಾಕಿ, ಅತಿ ಸಣ್ಣ ಉರಿಯಲ್ಲಿ ಎರಡು ಗಂಟೆ ಕರಗಿಸಿ. ನೀರು ಆರುವವರೆಗೆ ತಳ ಸೀಯದಂತೆ ಅದು ಕಾಯುತ್ತದೆ. ಸೋಸಿದ ನೆಣದ ತುಪ್ಪ ಹಾಲಿನ ಬಣ್ಣಕ್ಕೆ ಹೆಪ್ಪುಗಟ್ಟಬೇಕು, ಕಂದಾಗಿದ್ದರೆ ಉರಿ ಹೆಚ್ಚಾಗಿದೆ. ಉಳಿದ ಚಕ್ಕೆಗೆ ಉಪ್ಪು ಖಾರ ಹಾಕಿದರೆ ಸಂಜೆ ಒಂದು ಗಳಿಗೆಯೂ ಉಳಿಯುವುದಿಲ್ಲ.

ಒಣಕ್ ಇರಚಿಗೆ, ಅಂದರೆ ಹೊಗೆಯಲ್ಲಿ ಒಣಗಿಸಿದ ಮಾಂಸಕ್ಕೆ, ತೊಡೆಯ ನೆಣವಿಲ್ಲದ ಮಾಂಸವೇ ಆಗಬೇಕು, ನೆಣ ಒಲೆಯ ಮೇಲೆ ಕಮಟು ಹಿಡಿಯುತ್ತದೆ. ಎರಡು ಸೆಂಟಿಮೀಟರ್ ದಪ್ಪದ ಉದ್ದ ಪಟ್ಟಿ, ಕಿಲೋಗೆ 50 ಗ್ರಾಂ ಉಪ್ಪು, ಅರಿಶಿನ, ಮೆಣಸಿನಪುಡಿ. ರಾತ್ರಿ ಐಸಿನಲ್ಲಿಟ್ಟು, ಮರುದಿನ ಒಲೆಯಿಂದ ಒಂದು ಮೀಟರ್ ಮೇಲೆ ಪಟ್ಟಿಗೆ ಪಟ್ಟಿ ತಾಗದಂತೆ ತೂಗುಹಾಕಿ. ಮೊದಲ ಎರಡು ದಿನ ಹೊಗೆ ನಿಲ್ಲಬಾರದು, ನೊಣ ಮೊಟ್ಟೆಯಿಡುವುದು ಆಗಲೇ. ಎರಡು ವಾರದಲ್ಲಿ ಮಡಚಿದರೆ ಬಾಗದೆ ಬಿರಿಯುವಂತಾಗಬೇಕು. ತಿನ್ನುವ ಮೊದಲು ನೆನೆಸಿ, ಪೂರ್ತಿ ಬೇಯಿಸಿ.

ಗುಡ್ಡೆ ಹಾಕುವಾಗ ತೂಕ ಸಮವಿದ್ದರೆ ಸಾಲದು. ತೊಡೆ, ಬೆನ್ನಮಾಂಸ, ಚರ್ಮ, ಮೂಳೆ ಪ್ರತಿ ಗುಡ್ಡೆಯಲ್ಲೂ ಇರಲಿ, ಜಗಳ ಹುಟ್ಟುವುದು ಅಲ್ಲೇ. ಒಂದು ಕಿಲೋದ ಇಪ್ಪತ್ತು ಗುಡ್ಡೆ ಮಾಡಿ ಐಸಿನ ಜೊತೆ ಕೊಡಿ.

ತಿನ್ನಲಾಗದ್ದನ್ನೂ ತೊಳೆದ ನೀರನ್ನೂ ತೋಡಿಗೆ ಬಿಡಬೇಡಿ. ಬಾವಿಯಿಂದ ಮೂವತ್ತು ಮೀಟರಾದರೂ ದೂರ, ಒಂದೂವರೆ ಮೀಟರ್ ಆಳದ ಗುಂಡಿ ತೋಡಿ, ಸುಣ್ಣ ಎರಚಿ, ಮೇಲೆ ಕಲ್ಲು ಹೇರಿ. ಆಳ ಕಡಿಮೆಯಾದರೆ ನಾಯಿ, ಕಾಡುಹಂದಿ ಕೆದಕುತ್ತವೆ. ಎಲೆಯಲ್ಲಿ ಉಳಿದದ್ದು, ಮೂಳೆ, ಪಾತ್ರೆ ತೊಳೆದ ಗಂಜಿ ಯಾವುದೂ ಹಟ್ಟಿಯ ಹಂದಿಗಳಿಗೆ ಹೋಗಕೂಡದು. ಗುಡ್ಡೆ ಒಯ್ಯುವವರಲ್ಲಿ ತಮ್ಮ ಮನೆಯಲ್ಲಿ ಹಂದಿ ಸಾಕುವವರಿದ್ದರೆ ಅವರ ಪಾಲನ್ನು ಹಸಿಯಾಗಿ ಕಳಿಸಬೇಡಿ, ಇಲ್ಲೇ ಕರಿ ಮಾಡಿ ಡಬ್ಬಿಗೆ ತುಂಬಿಕೊಡಿ.